ಬೋಟೇ ಮನೆಯಾದವರ ವಿಮೆ

ಆಗಸ್ಟಿನಿಂದ ಮೇ ತಿಂಗಳ ಕೊನೆಯವರೆಗೆ ಶಿರಿಯ, ಕುಂಬಳೆ, ಉಪ್ಪಳ, ಮಂಜೇಶ್ವರ ಕಡಲ ತೀರದ ಕೆಲವು ಮನೆಗಳಲ್ಲಿ ದುಡಿಯುವ ಗಂಡಸರು ಕಾಣಸಿಗುವುದು ಅಪರೂಪ. ಅವರಿರುವುದು ಮಂಗಳೂರಿನ ಧಕ್ಕೆಯಿಂದಲೋ ಮಲ್ಪೆಯಿಂದಲೋ ಹೊರಡುವ ಟ್ರಾಲ್ ಬೋಟುಗಳಲ್ಲಿ. ಒಮ್ಮೆ ಹೊರಟರೆ ಎಂಟು ಹತ್ತು ದಿನ ಕಡಲಲ್ಲೇ ಊಟ, ಕಡಲಲ್ಲೇ ನಿದ್ದೆ. ಮರಳಿ ಬಂದು ಮೀನು ಇಳಿಸಿ, ಐಸು ಡೀಸೆಲು ತುಂಬಿಸುವ ಒಂದೆರಡು ದಿನವೂ ಅನೇಕರು ಬೋಟಿನಲ್ಲೇ ಚಾಪೆ ಹಾಸುತ್ತಾರೆ. ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಜೊತೆಗಾರರಿಗಂತೂ ಆ ಹತ್ತು ತಿಂಗಳು ಬೇರೆ ಸೂರೇ ಇಲ್ಲ. ಹೀಗೆ ಬೋಟೇ ಮನೆಯಾಗಿರುವವರ ವಿಮೆಯ ವಿಚಾರ ನಮ್ಮಲ್ಲಿ ಚರ್ಚೆಗೆ ಬರುವುದು ಅವಘಡ ನಡೆದ ಮೇಲೆಯೇ ಎಂಬುದು ವಿಷಾದದ ಸಂಗತಿ.

ಬೋಟಿಗೆ ವಿಮೆ ಇದೆಯೇ ಎಂದು ಕೇಳಿದರೆ, "ಧನಿಗಳು ಮಾಡಿಸಿದ್ದಾರೆ" ಎಂಬ ಉತ್ತರ ಬರುತ್ತದೆ. ಯಾವುದಕ್ಕೆ ಮಾಡಿಸಿದ್ದಾರೆ ಎಂದು ಮುಂದೆ ಕೇಳುವವರು ಕಡಿಮೆ. ಸಾಮಾನ್ಯವಾಗಿ ಬೋಟಿನ ವಿಮೆಯೆಂದರೆ ಅದರ ಒಡಲಿಗೂ ಯಂತ್ರಕ್ಕೂ ಮಾಡಿಸಿದ ವಿಮೆ. ಬಲೆ ಸೇರಬೇಕಾದರೆ ಅದನ್ನು ಬರೆಸಬೇಕು. ಒಳಗಿರುವ ಜನ ಸೇರಬೇಕಾದರೆ ಅದಕ್ಕೆ ಪ್ರತ್ಯೇಕ ಕಂತು ಕಟ್ಟಬೇಕು. ಸಾಲ ಕೊಟ್ಟ ಬ್ಯಾಂಕಿನ ಒತ್ತಾಯಕ್ಕೆ ಮಾಡಿಸಿದ ವಿಮೆಯಾದರೆ ಬಂದ ಹಣ ಮೊದಲು ಸೇರುವುದು ಬ್ಯಾಂಕಿಗೆ. ಖಲಾಸಿಯ ಪೆಟ್ಟಿಗೆ, ಬಟ್ಟೆ, ಮೊಬೈಲು, ಆಧಾರ್ ಕಾರ್ಡು, ಎರಡು ಟ್ರಿಪ್ಪಿನ ಪಾಲಿನ ಹಣ, ಅಂದರೆ ಅವನ ಅರ್ಧ ಸಂಸಾರ, ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ಜಿಲ್ಲೆಯ ದಕ್ಷಿಣ ತುದಿಯಲ್ಲಿ ವಲಿಯಪರಂಬದ ಹಿನ್ನೀರಿದೆ. ಅಲ್ಲಿ ಪ್ರವಾಸಿಗರು ರಾತ್ರಿ ತಂಗುವ ಯಂತ್ರಚಾಲಿತ ಹೌಸ್‌ಬೋಟುಗಳಿಗೆ 2021ರ ಒಳನಾಡು ಹಡಗುಗಳ ಕಾಯಿದೆಯಂತೆ ವಿಮೆ ಕಡ್ಡಾಯ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿ ಮಾಡಿದ್ದ ವಿಹಾರದ ಬೋಟು ಮಗುಚಿ 22 ಮಂದಿ ಸತ್ತ ಮೇಲೆ ಅಂತಹ ದೋಣಿಗಳ ಕಾಗದಪತ್ರದ ಬಗೆಗೆ ರಾಜ್ಯದಲ್ಲೆಲ್ಲ ಕೋಲಾಹಲವೆದ್ದಿತ್ತು. ಆದರೆ ಕಡಲ ಮೀನುಗಾರಿಕೆಯ ನೋಂದಾಯಿತ ಬೋಟು ಆ ಕಾಯಿದೆಯ ಹೊರಗೆ. ಎರಡು ರಾತ್ರಿ ಮಲಗಲು ಬಂದ ಪ್ರವಾಸಿಗನ ಮೇಲೆ ಕಾನೂನಿಗಿರುವ ಕಾಳಜಿ, ಮುನ್ನೂರು ರಾತ್ರಿ ಮಲಗುವ ಮೀನುಗಾರನ ಮೇಲೆ ಯಾಕಿಲ್ಲ?

ಜನ ವಾಸಿಸುವ ಬೋಟಿಗೆ ಅಪಾಯ ಬರುವುದು ಬಿರುಗಾಳಿಯಿಂದ ಮಾತ್ರ ಎಂದು ಭಾವಿಸಬಾರದು. 2023ರ ನವೆಂಬರ್ 19ರ ರಾತ್ರಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಬೆಂಕಿ ಹೊತ್ತಿ, ಒತ್ತೊತ್ತಾಗಿ ಕಟ್ಟಿದ್ದ ಹತ್ತಾರು ಬೋಟುಗಳು ಸುಟ್ಟುಹೋದವು. ದಡದಲ್ಲಿ ಕಟ್ಟಿದ ಬೋಟಿನಲ್ಲಿ ಅಡುಗೆ ಮಾಡಿಕೊಂಡಿದ್ದವರು ಎಸೆದ ಸಿಗರೇಟಿನ ತುಂಡೇ ಕಾರಣವೆಂದು ಪೊಲೀಸರು ಹೇಳಿದ್ದರು. ನಷ್ಟದ ಶೇಕಡಾ 80ರಷ್ಟನ್ನು ಆಂಧ್ರ ಸರಕಾರ ತನ್ನ ಬೊಕ್ಕಸದಿಂದಲೇ ಭರಿಸಲು ಮುಂದಾಗಬೇಕಾಯಿತು. ನಮ್ಮ ಧಕ್ಕೆಗಳಲ್ಲಿ ಬೋಟಿಗೆ ಬೋಟು ಅಂಟಿಸಿ ಕಟ್ಟುವುದನ್ನೂ, ಗ್ಯಾಸ್ ಒಲೆಯ ಪಕ್ಕದಲ್ಲಿ ನೈಲಾನ್ ಬಲೆ ರಾಶಿ ಹಾಕುವುದನ್ನೂ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಇಲ್ಲಿ ಕಾನೂನಿನ ಒಂದು ಅಂಶವನ್ನು ಬೋಟಿನ ಧನಿಗಳೂ ತಂಡೇಲರೂ ತಿಳಿದಿರಬೇಕು. 1963ರ ಸಾಗರ ವಿಮಾ ಕಾಯಿದೆಯಂತೆ ಈ ಒಪ್ಪಂದ ಪರಮ ವಿಶ್ವಾಸದ್ದು. ವಿಮಾದಾರನಿಗೆ ಗೊತ್ತಿರುವ, ಅಪಾಯವನ್ನು ಅಳೆಯಲು ಬೇಕಾದ ಸಂಗತಿಯನ್ನು ಮೊದಲೇ ಹೇಳಬೇಕು. ಹೇಳದಿದ್ದರೆ ಕಂಪೆನಿ ಒಪ್ಪಂದವನ್ನೇ ತಳ್ಳಿಹಾಕಬಹುದು. ಬೋಟಿನಲ್ಲಿ ಎಷ್ಟು ಜನ ಮಲಗುತ್ತಾರೆ, ಅಡುಗೆ ಯಾವುದರಲ್ಲಿ ಎಂಬುದು ಅಂತಹ ಸಂಗತಿ. ಪಾಲಿಸಿಯಲ್ಲಿ ಖಾತರಿಯಾಗಿ ಬರೆದ ಷರತ್ತನ್ನು ಚಾಚೂ ತಪ್ಪದೆ ಪಾಲಿಸಬೇಕು; ಮುರಿದರೆ ಅಂದಿನಿಂದಲೇ ಕಂಪೆನಿಯ ಹೊಣೆ ಮುಗಿಯಿತು, ಆಮೇಲೆ ಸರಿಪಡಿಸಿದ್ದೇವೆ ಎಂಬ ವಾದಕ್ಕೆ ಬೆಲೆಯಿಲ್ಲ. ಕಂತು ಅಗ್ಗವಾಗಲೆಂದು ಜನರ ಲೆಕ್ಕ ಮುಚ್ಚಿಡುವುದು ಲಾಭದ ವ್ಯಾಪಾರವಲ್ಲ.

ಇನ್ನು ಜನರ ಮಾತು. ಕೆಲಸದಲ್ಲಿ ಸತ್ತವನ ಕುಟುಂಬಕ್ಕೆ ಮಾಲಿಕ ಪರಿಹಾರ ಕೊಡಬೇಕೆಂಬುದು ನಮ್ಮ ದೇಶದಲ್ಲಿ 1923ರಷ್ಟು ಹಿಂದಿನ ಕಾನೂನು. ಆದರೆ ಪಾಲಿನ ಲೆಕ್ಕದಲ್ಲಿ ದುಡಿಯುವವನು ಕೂಲಿಯವನೋ ಪಾಲುದಾರನೋ ಎಂಬ ತಕರಾರು ಎದ್ದೇಳುವುದು ಇಲ್ಲೇ. ಬೋಟು ಹೊರಡುವಾಗ ಒಳಗಿರುವವರ ಹೆಸರುಗಳ ಪಟ್ಟಿಯೊಂದು ದಡದಲ್ಲಿ ಉಳಿದಿದ್ದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ನಮ್ಮವರಿಗೆ ಮತ್ತೊಂದು ತೊಡಕೂ ಇದೆ. ಮನೆ, ರೇಷನ್ ಕಾರ್ಡು, ಮತದಾನದ ಹಕ್ಕು ಕೇರಳದಲ್ಲಿ. ಬೋಟಿನ ನೋಂದಣಿ ಕರ್ನಾಟಕದಲ್ಲಿ. ಮತ್ಸ್ಯ ಸಂಪದ ಯೋಜನೆಯಡಿ 2020-21ರಿಂದ ಬಂದ ಗುಂಪು ಅಪಘಾತ ವಿಮೆಯಲ್ಲಿ ಮರಣಕ್ಕೂ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೂ 5 ಲಕ್ಷ, ಭಾಗಶಃ ಶಾಶ್ವತ ವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000 ರೂಪಾಯಿ ಗೊತ್ತುಮಾಡಲಾಗಿತ್ತು. ಕಂತನ್ನು ಕೇಂದ್ರ ಮತ್ತು ರಾಜ್ಯಗಳೇ ಕಟ್ಟುವುದು. ಮೀನುಗಾರ ಕೊಡಬೇಕಾದುದು ಏನೂ ಇಲ್ಲ. ಕೊಡದಿದ್ದರೂ ಹೆಸರು ಪಟ್ಟಿಯಲ್ಲಿರಬೇಕಷ್ಟೆ. ತಲಪಾಡಿಯ ಈಚೆಯ ಪಟ್ಟಿಯಲ್ಲೋ ಆಚೆಯ ಪಟ್ಟಿಯಲ್ಲೋ ಎಂದು ಕೇಳಿದರೆ ಎಷ್ಟು ಮನೆಗಳು ಉತ್ತರ ಕೊಟ್ಟಾವು? ಎರಡು ರಾಜ್ಯಗಳ ಮೀನುಗಾರಿಕಾ ಇಲಾಖೆಗಳು ಒಂದು ದಿನ ಎದುರೆದುರು ಕುಳಿತು ಪಟ್ಟಿಗಳನ್ನು ತಾಳೆ ನೋಡಿದರೆ ಮುಗಿಯುವ ಕೆಲಸವಿದು. ಅಂತಹ ಯೋಜನೆಗಳು ವರ್ಷ ವರ್ಷ ನವೀಕರಣವಾಗುವುದರಿಂದ ಮತ್ಸ್ಯಭವನದಲ್ಲಿ ಪ್ರತಿ ವರ್ಷ ವಿಚಾರಿಸುವುದೂ ಅಗತ್ಯ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾದುದನ್ನು ಓದುಗರು ಮರೆತಿರಲಾರರು. ಮುಂದಿನ ಮೇ ತಿಂಗಳಲ್ಲಿ ಮಾಲ್ವಣದಾಚೆಯ ಕಡಲಾಳದಲ್ಲಿ ಬೋಟಿನ ಅವಶೇಷ ನೌಕಾಪಡೆಗೆ ಸಿಕ್ಕಿತು, ಜನ ಸಿಗಲಿಲ್ಲ. ಬೋಟು ಮುಳುಗಿತೆಂದು ರುಜುವಾತು ಮಾಡುವುದು ಸುಲಭ, ಮನುಷ್ಯ ಸತ್ತನೆಂದು ರುಜುವಾತು ಮಾಡುವುದು ಕಷ್ಟ. ಕಾಣೆಯಾದವನ ಸುದ್ದಿ ಏಳು ವರ್ಷ ಇಲ್ಲದಿದ್ದರೆ ಮಾತ್ರ ಸತ್ತನೆಂದು ಕಾನೂನು ಊಹಿಸುತ್ತದೆ. 2017ರ ಓಖಿ ಚಂಡಮಾರುತದ ಬಳಿಕ ಕೇರಳ ಸರಕಾರ ಕಾಣೆಯಾದವರ ಮನೆಗಳಿಗೆ ಅಷ್ಟು ಕಾಯದೆ ಪರಿಹಾರ ಕೊಡಲು ತೀರ್ಮಾನಿಸಿತು. ಒಂದು ದೊಡ್ಡ ದುರಂತಕ್ಕೆ ತೋರಿದ ಈ ಉದಾರತೆ ಒಂಟಿ ಬೋಟಿನ ದುರಂತಕ್ಕೂ ನಿಯಮವಾಗಿ ಬರಬೇಕು.

ಪಾಲಿಸಿ ಇಂಗ್ಲಿಷಿನಲ್ಲಿ, ಇಲಾಖೆಯ ಅರ್ಜಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಏಳನೆಯದೋ ಎಂಟನೆಯದೋ ಓದುವ ಮಗಳು ತಾಯಿಗಾಗಿ ಅದನ್ನು ಬಿಡಿಸಿ ಓದುವ ನೋಟ ಈ ಭಾಗದ ಅಧ್ಯಾಪಕರಿಗೆ ಹೊಸದಲ್ಲ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಬಹುದೆಂದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದೆಂದು 1969ರ ಅಧಿಕೃತ ಭಾಷಾ ಕಾಯಿದೆಯೇ ಒಪ್ಪಿಕೊಂಡಿತ್ತು. ಸಾವಿನ ಪರಿಹಾರದ ಅರ್ಜಿಯಾದರೂ ಅಳುವವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ.

ಅಲ್ಲಿಯವರೆಗೆ ಯಾರ ದಾರಿಯನ್ನೂ ಕಾಯದೆ ಮಾಡಬಹುದಾದುದು ಒಂದಿದೆ. ಬ್ಯಾಂಕಿನಲ್ಲಿ ಖಾತೆಯಿರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿದೆ. 50ರ ಒಳಗೆ ಸೇರಿದವರಿಗೆ 436 ರೂಪಾಯಿಗೆ 2 ಲಕ್ಷದ ಜೀವವಿಮೆ ಜೀವನ್ ಜ್ಯೋತಿ ಯೋಜನೆಯಲ್ಲಿದೆ. ಇವಕ್ಕೆ ಬೋಟು ಯಾವ ರಾಜ್ಯದ್ದೆಂಬ ಪ್ರಶ್ನೆಯಿಲ್ಲ. ಎರಡರ ವರ್ಷವೂ ಮೇ 31ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಖಾತೆಯಲ್ಲಿ ಹಣವಿಲ್ಲದಿದ್ದರೆ ಕಂತು ಕಡಿತವಾಗದೆ ವಿಮೆ ನಿಂತುಹೋಗಬಹುದು. ಬೋಟುಗಳು ರಜೆಗೆ ದಡ ಸೇರುವ ಮೊದಲೇ ಆ ದಿನ ಬರುವುದರಿಂದ, ಪಾಸ್‌ಬುಕ್ಕು ಬೋಟಿನ ಪೆಟ್ಟಿಗೆಯಲ್ಲಿರದೆ ಮನೆಯಲ್ಲಿರಲಿ. ಹಣ ಕಟ್ಟುವುದನ್ನೂ ನಾಮಿನಿಯ ಹೆಸರು ಸರಿಯಿದೆಯೇ ಎಂದು ನೋಡುವುದನ್ನೂ ಮನೆಯವರೇ ವಹಿಸಿಕೊಳ್ಳಲಿ.