ಯಜಮಾನರ ಜೊತೆ ರಾಕ್ ಕಛೇರಿಗೆ

“ನಮ್ಮೆಜಮಾನ್ರಿಗೆ ಕಾಲೇಜಿನ ದಿನದಿಂದಲೂ ಮೆಟಾಲಿಕಾ ಹುಚ್ಚು. ಆ ತಂಡ ಮತ್ತೆ ಬಂದ್ರೆ ನೀನೂ ಬರಲೇಬೇಕು ಅಂತಾರೆ. ಆ ಗದ್ದಲದಲ್ಲಿ ನನಗೇನು ಕೆಲಸ?” ಎಂದು ಸೋದರಿಯೊಬ್ಬರು ಕೇಳಿದ್ದಾರೆ.

ಧಾರಾಳವಾಗಿ ಹೋಗಿ ಬನ್ನಿ! 1981ರಲ್ಲಿ ಹುಟ್ಟಿದ ಈ ಅಮೆರಿಕದ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದದ್ದು 2011ರ ಅಕ್ಟೋಬರ್ 30ರಂದು. ಅದಕ್ಕೆ ಎರಡು ದಿನ ಮೊದಲು ಗುರಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು. ಅಂದರೆ ಇಲ್ಲಿಯ ಅಭಿಮಾನಿಗಳು ಮೂವತ್ತು ವರ್ಷ ಕಾದಂತಾಯಿತು. ಅಂಥ ಆಸೆಗೆ ‘ನೀವೊಬ್ಬರೇ ಹೋಗಿ’ ಅನ್ನಬಹುದೇ?

ಹೋಗುವ ಮುಂಚೆ ಮನೆಯಲ್ಲೇ ನಾಲ್ಕು ಹಾಡು ಕೇಳಿಸಿಕೊಳ್ಳಿ. ಎಲ್ಲವೂ ಅಬ್ಬರವೇ ಅಂದುಕೊಳ್ಳಬೇಡಿ. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಎಂಬ ನಿಧಾನದ ಹಾಡನ್ನು ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಊರೂರು ಸುತ್ತುವಾಗ ತನ್ನ ಪ್ರೇಯಸಿಯ ನೆನಪಿನಲ್ಲಿ ಕಟ್ಟಿದ್ದು. ತನಗಾಗಿಯೇ ಬರೆದುಕೊಂಡದ್ದಂತೆ, ಪಾಪ! ನಿಮ್ಮವರು ಅದನ್ನು ಗುನುಗುವುದನ್ನು ನೀವು ಕೇಳಿಯೂ ಇರಬಹುದು.

ಆದರೆ ಕಿವಿ ಜೋಪಾನ. ಅಲ್ಲಿಯ ಸದ್ದು 100 ಡೆಸಿಬಲ್ ದಾಟುತ್ತದೆ. ಹತ್ತಿ ತುರುಕಿದರೆ ಸಾಲದು. ಔಷಧಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಇಯರ್ ಪ್ಲಗ್ ಎರಡು ಜೊತೆ ತನ್ನಿ. ಸ್ಪೀಕರಿನ ಬಳಿ ನಿಲ್ಲಬೇಡಿ. ಗಂಟೆಗಟ್ಟಲೆ ನಿಲ್ಲಬೇಕಾದ್ದರಿಂದ ರೇಷ್ಮೆ ಸೀರೆ, ಹೊಸ ಚಪ್ಪಲಿ ಬೇಡವೇ ಬೇಡ. ಜನಜಂಗುಳಿಯಲ್ಲಿ ಫೋನು ಕೈಕೊಡುವುದುಂಟು. ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ಹಾಂ, ಹೊರಡುವ ಮುನ್ನ ಒಂದು ಕರಾರು ಇರಲಿ: ಬರುವ ರಾಮೋತ್ಸವದ ಸಂಗೀತಕ್ಕೆ ಅವರು ನಿಮ್ಮ ಪಕ್ಕದಲ್ಲಿ ಕೂರಬೇಕು, ಮಂಗಳದವರೆಗೂ!