ಮೂಳೆಮಜ್ಜೆ ಕೆಲಸ ನಿಲ್ಲಿಸಿದಾಗ: 'ರಕ್ತ ಕಮ್ಮಿ'ಗೆ ಬೀಟ್‌ರೂಟ್ ಸಾಕೇ?

ಮುಖ ಬಿಳಿಚಿಕೊಂಡಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯಲ್ಲಿ ಯಾರಿಗಾದರೂ ಹೀಗಾದರೆ ನಾವು ಕೊಡುವ ತೀರ್ಪು ಒಂದೇ: "ರಕ್ತ ಕಮ್ಮಿ ಆಗಿದೆ." ಅದರ ಹಿಂದೆಯೇ ಬೀಟ್‌ರೂಟ್, ದಾಳಿಂಬೆ, ಖರ್ಜೂರ ಬರುತ್ತವೆ, ಮಾಂಸ ತಿನ್ನುವ ಮನೆಯಾದರೆ ಕಾಲು ಸೂಪ್. ಮೆಡಿಕಲ್ ಶಾಪಿನಿಂದ ಒಂದು ಕಬ್ಬಿಣದ ಟಾನಿಕ್ಕೂ ಬರುತ್ತದೆ. ನಮ್ಮಲ್ಲಿ ರಕ್ತಹೀನತೆಗೆ ಅತಿ ಸಾಮಾನ್ಯ ಕಾರಣ ಕಬ್ಬಿಣಾಂಶದ ಕೊರತೆ. ಹಾಗಾಗಿ ಟಾನಿಕ್ ಎಷ್ಟೋ ಸಲ ಕೆಲಸ ಮಾಡುತ್ತದೆ, ಹೆಸರು ಮಾತ್ರ ಬೀಟ್‌ರೂಟಿಗೆ ಹೋಗುತ್ತದೆ. (ಬೀಟ್‌ರೂಟಿನ ಕೆಂಪು ಬೀಟಲೇನ್ ಎಂಬ ವರ್ಣದ್ರವ್ಯದ್ದು. ರಕ್ತದ ಕೆಂಪಿಗೂ ಅದಕ್ಕೂ ಸಂಬಂಧವಿಲ್ಲ.) ಆದರೆ ರಕ್ತ ತಯಾರಾಗುವ ಜಾಗವೇ ಕೆಟ್ಟಿದ್ದರೆ? ಆಗ ಟಾನಿಕ್ ಕುಡಿದು ಕಾಯುವ ಪ್ರತಿ ವಾರವೂ ನಷ್ಟವೇ.

ಆ ಜಾಗ ಮೂಳೆಮಜ್ಜೆ. ಮಟನ್ ಸಾರಿನ ನಲ್ಲಿ ಮೂಳೆಯನ್ನು ತಟ್ಟೆಗೆ ಬಡಿದು ಹೀರಿದವರಿಗೆ ಇದರ ಪರಿಚಯ ಇದ್ದೇ ಇದೆ. ಆದರೆ ಅಲ್ಲಿ ಸಿಗುವುದರಲ್ಲಿ ಬಹುಪಾಲು ಕೊಬ್ಬು. ಮನುಷ್ಯರಲ್ಲೂ ವಯಸ್ಕರ ಕೈಕಾಲಿನ ಉದ್ದ ಮೂಳೆಗಳೊಳಗೆ ಹೆಚ್ಚಾಗಿ ಇಂಥ ಹಳದಿ ಮಜ್ಜೆಯೇ ಇರುತ್ತದೆ. ರಕ್ತ ತಯಾರಿಸುವ ಕೆಂಪು ಮಜ್ಜೆ ಇರುವುದು ಮುಖ್ಯವಾಗಿ ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ಬೆನ್ನುಮೂಳೆ ಮತ್ತು ತಲೆಬುರುಡೆಯಲ್ಲಿ. ಅಲ್ಲಿನ ಕಾಂಡಕೋಶಗಳಿಂದ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಕಾಲು ಸೂಪ್ ಹೊಟ್ಟೆಗೆ ಹೋದ ಮೇಲೆ ಬೇರೆಲ್ಲ ಆಹಾರದಂತೆ ಜೀರ್ಣವಾಗುತ್ತದೆ. ಆಡಿನ ಮಜ್ಜೆ ನಮ್ಮ ಮಜ್ಜೆಗೆ ಹೋಗಿ ಸೇರುವುದಿಲ್ಲ.

ಇದೇ ಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಮತ್ತು ಪ್ಲೇಟ್‌ಲೆಟ್‌ಗಳು ಕೂಡ ತಯಾರಾಗುತ್ತವೆ. ಮೂರರ ಆಯಸ್ಸೂ ಬೇರೆ ಬೇರೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ಪ್ಲೇಟ್‌ಲೆಟ್ 8ರಿಂದ 10 ದಿನ. ಸೋಂಕಿನ ವಿರುದ್ಧ ಮೊದಲು ನುಗ್ಗುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ರಕ್ತದಲ್ಲಿ ಇರುವುದು ಹೆಚ್ಚೂಕಡಿಮೆ ಒಂದು ದಿನ. ಹಾಗಾಗಿ ಮಜ್ಜೆ ಇವತ್ತು ಕೆಲಸ ನಿಲ್ಲಿಸಿದರೆ ಮುಖ ಬಿಳಿಚಿಕೊಳ್ಳುವುದಕ್ಕೂ ಮೊದಲೇ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ತಗಲಿಸಿಕೊಂಡ ನೆನಪಿಲ್ಲದಿದ್ದರೂ ನೀಲಿ ಕಲೆ, ಕಾಲಿನ ಮೇಲೆ ಒತ್ತಿದರೂ ಮಾಯವಾಗದ ಸಣ್ಣ ಕೆಂಪು ಚುಕ್ಕೆ, ಬಿಟ್ಟೂ ಬಿಡದ ಜ್ವರ ಕಾಣಿಸಿಕೊಳ್ಳಬಹುದು. ಇವನ್ನೆಲ್ಲ 'ಉಷ್ಣ' ಎಂದು ತಳ್ಳಿಹಾಕಿ ಎಳನೀರು ಕುಡಿಸುವವರಿದ್ದಾರೆ. ಸಿಬಿಸಿ ಎಂಬ ರಕ್ತಪರೀಕ್ಷೆ ಸಣ್ಣ ಊರಿನ ಲ್ಯಾಬಿನಲ್ಲೂ ಆಗುತ್ತದೆ. ಅದರಲ್ಲಿ ಹಿಮೋಗ್ಲೋಬಿನ್ ಒಂದೇ ಅಲ್ಲದೆ ಬಿಳಿ ಕಣ, ಪ್ಲೇಟ್‌ಲೆಟ್‌ಗಳೂ ಒಟ್ಟಿಗೆ ಇಳಿದಿದ್ದರೆ ಮಜ್ಜೆಯ ಕಡೆ ನೋಡಬೇಕಾಗುತ್ತದೆ.

ಹಾಗೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಮಜ್ಜೆ ಚೆನ್ನಾಗಿದ್ದು ಕಚ್ಚಾ ಸಾಮಗ್ರಿ ಇಲ್ಲದಿದ್ದರೂ ಮೂರೂ ಇಳಿಯಬಹುದು. ಬಿ12 ಜೀವಸತ್ವದ ತೀವ್ರ ಕೊರತೆ ಅಂಥದ್ದು. ಸಸ್ಯಾಹಾರದಲ್ಲಿ ಹಾಲು, ಮೊಸರು ಬಿಟ್ಟರೆ ಬಿ12 ಸಿಗುವುದು ಕಷ್ಟವಾದ್ದರಿಂದ ನಮ್ಮಲ್ಲಿ ಇದು ಅಪರೂಪವಲ್ಲ, ಇಂಜೆಕ್ಷನ್ನಿನಿಂದ ವಾಸಿಯಾಗುತ್ತದೆ. ಆದರೆ ಕಾರಣ ನೋಡದೆ ಫೋಲಿಕ್ ಆಮ್ಲದ ಮಾತ್ರೆಯನ್ನಷ್ಟೇ ನುಂಗಿದರೆ ರಕ್ತದ ರಿಪೋರ್ಟ್ ಸುಧಾರಿಸಿ, ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಮಾತ್ರ ಒಳಗೊಳಗೇ ಮುಂದುವರಿಯಬಹುದು. ಡೆಂಗ್ಯೂ ಬಂದಾಗಲೂ ಮಜ್ಜೆ ಕೆಲವು ದಿನ ಮಂಕಾಗುತ್ತದೆ, ಆಮೇಲೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಆ ಹೊತ್ತಿಗೆ ಏನು ಕುಡಿಸಿದ್ದೆವೋ ಅದಕ್ಕೆ ಕೀರ್ತಿ!

ನಿಜವಾದ ಮಜ್ಜೆಯ ಕಾಯಿಲೆಗಳಲ್ಲಿ ಲ್ಯುಕೇಮಿಯಾ ಹೆಸರನ್ನು ಎಲ್ಲರೂ ಕೇಳಿರುತ್ತೇವೆ: ಕೆಟ್ಟ ಕಣಗಳು ಲಂಗುಲಗಾಮಿಲ್ಲದೆ ಹೆಚ್ಚಿ ಒಳ್ಳೆಯವಕ್ಕೆ ಜಾಗವಿಲ್ಲದಂತೆ ಮಾಡುತ್ತವೆ. ಅಪ್ಲಾಸ್ಟಿಕ್ ಅನೀಮಿಯಾ ಇದರ ತಿರುವುಮುರುವು. ಇದರಲ್ಲಿ ಮಜ್ಜೆ ಬರಿದಾಗುತ್ತದೆ. 1888ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಈ ಕಾಯಿಲೆಯಿಂದ ಸತ್ತ ಗರ್ಭಿಣಿಯೊಬ್ಬಳ ಮೂಳೆ ಪರೀಕ್ಷಿಸಿದಾಗ ಕೆಂಪಗಿರಬೇಕಾದ ಮಜ್ಜೆ ಹಳದಿ ಕೊಬ್ಬಾಗಿತ್ತು. ಬೆಂಜೀನ್, ಕ್ಲೋರಾಂಫೆನಿಕಾಲ್‌ನಂಥ ಕೆಲವು ರಾಸಾಯನಿಕ ಮತ್ತು ಔಷಧಗಳಿಂದ ಇದು ಬರಬಹುದು. ಬಹಳಷ್ಟು ರೋಗಿಗಳಲ್ಲಿ ಹೊರಗಿನ ಕಾರಣ ಯಾವುದೂ ಸಿಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕಾಂಡಕೋಶಗಳ ಮೇಲೆ ಬಿದ್ದಿರುತ್ತದೆ.

ಇದು ಗೊತ್ತಾದ ಬಗೆ ಸ್ವಾರಸ್ಯವಾಗಿದೆ. 1970ರ ಸುಮಾರಿಗೆ ಫ್ರಾನ್ಸಿನ ಜಾರ್ಜ್ ಮಾಥೆ ಎಂಬ ವೈದ್ಯರು, ಕಸಿ ಮಾಡುವ ಮಜ್ಜೆಯನ್ನು ದೇಹ ತಿರಸ್ಕರಿಸದಿರಲಿ ಎಂದು ರೋಗಿಗಳಿಗೆ ಮೊದಲು ಪ್ರತಿರಕ್ಷಣೆ ತಗ್ಗಿಸುವ ಸೀರಮ್ ಕೊಟ್ಟರು. ಕಸಿ ಹಿಡಿಯಲಿಲ್ಲ, ಆದರೆ ಕೆಲವರಲ್ಲಿ ಸ್ವಂತ ಮಜ್ಜೆಯೇ ಮತ್ತೆ ಚಿಗುರಿತು. ತಡೆಗೆಂದು ಕೊಟ್ಟದ್ದೇ ಮದ್ದಾಗಿತ್ತು. ಇಂದು ಸರಿಹೊಂದುವ ದಾನಿ ಸಿಗದವರಿಗೆ, ಕಸಿ ತಾಳಲಾರದ ಹಿರಿಯರಿಗೆ ಕೊಡುವ ಎಟಿಜಿ ಚಿಕಿತ್ಸೆ ಅದೇ ದಾರಿಯದ್ದು. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು.

ಈ ಕಾಯಿಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಸಾಮಾನ್ಯವಾಗಿ ಮಜ್ಜೆಯನ್ನೇ ತೆಗೆದು ನೋಡಬೇಕು. ಇಲ್ಲೇ ಬಹಳ ಮನೆಗಳು ಹಿಂಜರಿಯುವುದು: "ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದಂತೆ." ಸೂಜಿ ಹೋಗುವುದು ಸೊಂಟದ ಮೂಳೆಯ ಹಿಂಬದಿಗೆ. ಬೆನ್ನುಹುರಿಗೂ ಅದಕ್ಕೂ ಸಂಬಂಧವಿಲ್ಲ. ಜಾಗವನ್ನು ಮರಗಟ್ಟಿಸಿ ಮಾಡುತ್ತಾರೆ, ಮಜ್ಜೆ ಎಳೆಯುವ ಕ್ಷಣದಲ್ಲಿ ಚುಳ್ಳೆನ್ನುವುದು ನಿಜ, ಹೆಚ್ಚಿನವರು ಅದೇ ದಿನ ನಡೆದುಕೊಂಡು ಮನೆಗೆ ಹೋಗುತ್ತಾರೆ. ಪರೀಕ್ಷೆಗೂ ಮೊದಲು ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ ನುಂಗುವುದು ಇದಕ್ಕಿಂತ ಅಪಾಯಕಾರಿ. ಅದು ಕೆಲವು ಬಗೆಯ ಲ್ಯುಕೇಮಿಯಾವನ್ನು ತಾತ್ಕಾಲಿಕವಾಗಿ ಮರೆಮಾಚಿಬಿಡುತ್ತದೆ.

ಇನ್ನೊಂದು ತಪ್ಪು ಪ್ರೀತಿಯಿಂದಲೇ ಆಗುವಂಥದ್ದು. ರಕ್ತ ಬೇಕು ಎಂದ ಕೂಡಲೇ ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು ತೋಳು ಚಾಚುತ್ತಾರೆ. ಅಪ್ಲಾಸ್ಟಿಕ್ ಅನೀಮಿಯಾದ ಶಂಕೆಯಿದ್ದರೆ ಹೀಗೆ ಮಾಡಬಾರದು. ಮುಂದೆ ಮಜ್ಜೆ ಕಸಿಗೆ ದಾನಿಯಾಗಬಲ್ಲವರು ಒಡಹುಟ್ಟಿದವರೇ. ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವರ ರಕ್ತವನ್ನು ಮೊದಲೇ ಏರಿಸಿದರೆ ರೋಗಿಯ ದೇಹ ಅವರ ಕಣಗಳ ವಿರುದ್ಧ ಸಿದ್ಧವಾಗಿ, ಕಸಿಯನ್ನು ತಿರಸ್ಕರಿಸುವ ಸಂಭವ ಹೆಚ್ಚುತ್ತದೆ. ಬ್ಲಡ್ ಬ್ಯಾಂಕಿನ ಹೊರಗಿನವರ ರಕ್ತವೇ ಮೇಲು. ಕಸಿಗೆ ಹೊಂದಬೇಕಾದದ್ದು ಎಚ್‌ಎಲ್‌ಎ ಎಂಬ ಗುರುತು, ರಕ್ತದ ಗುಂಪಲ್ಲ. ಕಸಿ ಹಿಡಿದ ಮೇಲೆ ರೋಗಿಯ ರಕ್ತದ ಗುಂಪೇ ಬದಲಾಗಿ ದಾನಿಯದ್ದಾಗುತ್ತದೆ.

ಭಾರತದಲ್ಲಿ ಮೊದಲ ಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಈಗ ಒಡಹುಟ್ಟಿದವರಲ್ಲಿ ಹೊಂದಾಣಿಕೆ ಸಿಗದಿದ್ದರೆ ಅಪರಿಚಿತ ದಾನಿಗಳ ನೋಂದಣಿಯಲ್ಲಿ ಹುಡುಕುತ್ತಾರೆ. ಬೆಂಗಳೂರಿನಲ್ಲೂ ಅಂಥ ಸಂಸ್ಥೆಯಿದೆ. ಹೆಸರು ಬರೆಸಲು ಕೆನ್ನೆಯ ಒಳಬದಿಯನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟರೆ ಸಾಕು. ದಾನವೆಂದರೆ ಮೂಳೆ ಕೊರೆಯುವುದು ಎಂಬ ಭಯ ಬೇಡ. ಹೆಚ್ಚಿನ ಸಲ ಕೆಲವು ದಿನ ಇಂಜೆಕ್ಷನ್ ಕೊಟ್ಟು, ತೋಳಿನ ನರದಿಂದ ರಕ್ತ ಹಾಯಿಸಿ, ಕಾಂಡಕೋಶಗಳನ್ನಷ್ಟೇ ಯಂತ್ರದಲ್ಲಿ ಬೇರ್ಪಡಿಸುತ್ತಾರೆ. ಕೊಟ್ಟದ್ದನ್ನು ದಾನಿಯ ಮಜ್ಜೆ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಮನಸ್ಸು ಗಟ್ಟಿಯಿಲ್ಲದಿದ್ದರೆ ಆರಂಭದಲ್ಲೇ ಬೇಡವೆನ್ನುವುದು ಒಳ್ಳೆಯದು, ಅದರಲ್ಲಿ ಸಂಕೋಚವಿಲ್ಲ. ಕಸಿಗೆ ಮುಂಚಿನ ದಿನಗಳಲ್ಲಿ ರೋಗಿಯ ಸ್ವಂತ ಮಜ್ಜೆಯನ್ನು ಔಷಧ ಕೊಟ್ಟು ಅಳಿಸಿರುತ್ತಾರೆ. ಆ ಹಂತದಲ್ಲಿ ದಾನಿ ಹಿಂದೆ ಸರಿದರೆ ರೋಗಿಯ ಜೀವಕ್ಕೇ ಕುತ್ತು.