ಅಂಗಡಿಯ ಕ್ಯೂಆರ್ ಕೋಡ್ ಫೋಟೋ ತೆಗೆದರೆ ದುಡ್ಡು ಹೋಗುತ್ತಾ?

‘ಅಂಗಡಿಯ ಕ್ಯೂಆರ್ ಕೋಡ್ ಫೋಟೋ ತೆಗೆಯಲು ಯಾರಿಗೂ ಬಿಡಬೇಡಿ, ಖಾತೆ ಖಾಲಿಯಾಗುತ್ತೆ’ ಎಂಬ ಫಾರ್ವರ್ಡ್ ನಮಗೂ ಬಂತು, ನಿಮಗೂ ಬಂದಿರಬಹುದು. ಇದು ನಿಜವಲ್ಲ. ಆ ಕೋಡ್‌ನಲ್ಲಿ ಮುಖ್ಯವಾಗಿ ಇರುವುದು ಅಂಗಡಿಯ ಯುಪಿಐ ಐಡಿ ಮತ್ತು ಹೆಸರು. ಅದು ಮನೆಯ ವಿಳಾಸ ಇದ್ದಂತೆ, ಬೀಗದ ಕೈ ಅಲ್ಲ. ಖಾತೆಯಿಂದ ಹಣ ಹೊರಹೋಗಲು ಸಾಮಾನ್ಯವಾಗಿ 4 ಅಥವಾ 6 ಅಂಕಿಯ ಪಿನ್ ಬೇಕು. ಹಣ ಬರಲು ಯಾವ ಪಿನ್ನೂ ಬೇಡ.

ದುಡ್ಡು ಹೋಗುವ ದಾರಿ ಬೇರೆಯೇ ಇದೆ. ವ್ಯಾಪಾರಿಗಳ ಆ್ಯಪ್ ತೆರೆಯಲು ಸಾಮಾನ್ಯವಾಗಿ ಬೇಕಾಗುವುದು ಮೊಬೈಲ್ ನಂಬರ್ ಮತ್ತು ಓಟಿಪಿ. ‘ಕೆವೈಸಿ ಮಾಡಬೇಕು, ಸೌಂಡ್‌ಬಾಕ್ಸ್ ಬಾಡಿಗೆ ವಾಪಸ್ ಕೊಡ್ತೀವಿ’ ಎಂದು ಬಂದವರಿಗೆ ಓಟಿಪಿ ಹೇಳಿದರೆ, ಅಥವಾ ಫೋನನ್ನೇ ಕೈಗೆ ಕೊಟ್ಟರೆ, ದಿನದ ಕಲೆಕ್ಷನ್ ಜಮೆಯಾಗುವ ಬ್ಯಾಂಕ್ ಖಾತೆಯನ್ನೇ ಅವರು ಬದಲಿಸಲು ನೋಡಬಹುದು. ಸೌಂಡ್‌ಬಾಕ್ಸ್ ಮಾತ್ರ ಎಂದಿನಂತೆ ಹಣ ಬಂತು ಎಂದು ಕೂಗುತ್ತಿರಬಹುದು.

ಇನ್ನೊಂದು ಮೋಸ, ನಿಮ್ಮ ಸ್ಟಿಕ್ಕರ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸುವುದು. ಇದಕ್ಕೆ ಹ್ಯಾಕಿಂಗ್ ಬೇಡ, ಗೋಂದು ಸಾಕು! ಬೆಳಗ್ಗೆ ಬಾಗಿಲು ತೆರೆದಾಗ ನಿಮ್ಮ ಕೋಡನ್ನು ನೀವೇ ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆ ನೋಡಿ.

ಕೆಲಸದ ಹುಡುಗನಿಗೂ ಪಾವತಿ ಗೊತ್ತಾಗಲಿ ಎಂದು ಮಾಲೀಕರು ಪಿನ್ ಹೇಳಿಬಿಡುವುದುಂಟು. ಅಗತ್ಯವೇ ಇಲ್ಲ. ಹಲವು ಬಿಸಿನೆಸ್ ಆ್ಯಪ್‌ಗಳಲ್ಲಿ ಸಿಬ್ಬಂದಿಯ ನಂಬರನ್ನು ಬೇರೆಯಾಗಿ ಸೇರಿಸಬಹುದು. ಅವರು ಕೆಲಸ ಬಿಟ್ಟ ದಿನವೇ ಆ ನಂಬರ್ ತೆಗೆಯಬೇಕು, ಮರೆತುಹೋಗುವುದು ಇದೇ.

ಮೋಸವಾಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಹೆಚ್ಚಿರುವುದು ಮೊದಲ ಕೆಲವು ಗಂಟೆಗಳಲ್ಲಿ.